ಎರಡು ಹೊಳೆಗಳ ನಡುವಣ ಕಾಯಕಭೂಮಿ

ಶರಣ ಪರಂಪರೆಯಲ್ಲಿ ಸಂಚಾರಕ್ಕೆ ವಿಶೇಷವಾದ ಸ್ಥಾನವುಂಟು. ಜಂಗಮವೆಂಬ ಶಬ್ದದ ಮೂಲಾರ್ಥವೇ ಚಲಿಸುವಂಥದು ಎಂಬುದಾಗಿದೆ. ಬಳ್ಳಿಗಾವೆಯಿಂದ ಅಲ್ಲಮಪ್ರಭುಗಳು, ಉಡುತಡಿಯಿಂದ ಅಕ್ಕಮಹಾದೇವಿಯವರು, ಸೊನ್ನಲಿಗೆಯಿಂದ ಸಿದ್ಧರಾಮೇಶ್ವರರು ನಡೆದು ಬಂದುದರಿಂದಲೇ ಕಲ್ಯಾಣವು ಕಲ್ಯಾಣವಾಯಿತು. ಆ ಮಹಾತ್ಮರ ನಡಿಗೆಯೊಡನೆ ನಮ್ಮ ಅಲ್ಪ ಪ್ರಯಾಣವನ್ನು ಹೋಲಿಸುವ ಉದ್ಧಟತನ ನಮಗಿಲ್ಲ. ಆದರೂ ಕಳೆದ ಬೇಸಗೆಯಲ್ಲಿ ಬೀಳಗಿ, ಮುಧೋಳ, ರಬಕವಿ-ಬನಹಟ್ಟಿ, ಜಮಖಂಡಿ ಸೀಮೆಯಲ್ಲಿ ನಾಲ್ಕು ದಿನಗಳ ಕಾಲ ನಾವು ಕೈಕೊಂಡ ಸಂಚಾರವು ಹಲವು ಸಂಗತಿಗಳನ್ನು ಮನಸ್ಸಿಗೆ ನಾಟಿಸಿತಾದ್ದರಿಂದ, ಅವನ್ನು ಸದ್ಭಕ್ತ ವಾಚಕರೊಡನೆ ಹಂಚಿಕೊಳ್ಳುವುದು ಕರ್ತವ್ಯವೆಂದು ಭಾವಿಸಿ ಈ ಲೇಖನವನ್ನು ಬರೆಯುತ್ತಿದ್ದೇವೆ.

ಈ ಪ್ರಯಾಣ ನಮ್ಮ ಸಂಕಲ್ಪದಿಂದ ಹುಟ್ಟಿದುದಲ್ಲ. ವಿಜಯಪುರದಲ್ಲಿ ಮಗನ ಮನೆಯಲ್ಲಿರುವ ವೃದ್ಧ ದಂಪತಿಗಳೊಬ್ಬರು ಬಸವ ಜಯಂತಿಯ ಮರುವಾರ ನಮ್ಮಲ್ಲಿಗೆ ಬಂದರು. ಇಬ್ಬರೂ ಎಪ್ಪತ್ತು ದಾಟಿದವರು. ಅವರ ಊರು ಬೀಳಗಿ ತಾಲ್ಲೂಕಿನಲ್ಲಿ ಕೃಷ್ಣೆಯ ದಂಡೆಯ ಮೇಲಿತ್ತು. ಈಗ ಅದು ಆಲಮಟ್ಟಿಯ ಹಿನ್ನೀರಿನ ಕೆಳಗಿದೆ. “ಶಾಸ್ತ್ರಿಗಳ, ಹೊಳಿ ನೀರು ಇಳದೈತಂತ. ಸಂಗಮನಾಥನ್ನ ಒಮ್ಮೆ ಕಣ್ಣತುಂಬ ನೋಡಿ ಬರೋಣ್ರಿ. ಮುಂದಿನ ವರ್ಷ ನಾವು ಇರತೀವೋ ಇಲ್ಲೋ” ಎಂದು ಆ ತಾಯಿ ಕೈಮುಗಿದಾಗ ನಮಗೆ ಇಲ್ಲವೆನ್ನಲಾಗಲಿಲ್ಲ. ಅವರ ಮೊಮ್ಮಗ ವಾಹನ ನಡೆಸಲು ಬಂದ. ಇಂಜಿನಿಯರಿಂಗ್ ಓದು ಮುಗಿಸಿ ಕೆಲಸ ಹುಡುಕುತ್ತಿರುವ ಇಪ್ಪತ್ತಮೂರರ ತರುಣ. ಮುಳುಗಿದ ಊರನ್ನು ಕಣ್ಣಿನಿಂದ ಕಂಡವನಲ್ಲ.

ಈ ಕುಟುಂಬದ ಮುಂದೆ ಆಗ ಒಂದು ಪ್ರಶ್ನೆಯಿತ್ತು. ಮೊದಲ ಮುಳುಗಡೆಯಲ್ಲಿ ಊರು ಹೋದರೂ ಎತ್ತರದಲ್ಲಿದ್ದ ನಾಲ್ಕು ಎಕರೆ ಭೂಮಿ ಉಳಿದಿತ್ತು. ಜಲಾಶಯದ ಮಟ್ಟ ಏರಿದರೆ ಅದೂ ಹೋಗುವ ಸಂಭವವಿದೆ. ಪರಿಹಾರ ಬಂದರೆ ಏನು ಮಾಡಬೇಕೆಂಬ ವಿಷಯದಲ್ಲಿ ತಾತ ಮೊಮ್ಮಗನಲ್ಲಿ ಮಾತು ಮುರಿದಿತ್ತು. ದೊಡ್ಡ ನಗರದಲ್ಲಿ ಒಂದು ಮನೆ, ಒಂದು ಹೊಸ ಕಾರು ಎಂಬುದು ಹುಡುಗನ ಲೆಕ್ಕ. ತಾತ ಯಾವ ಉತ್ತರವನ್ನೂ ಕೊಡದೆ ಸುಮ್ಮನಾಗಿಬಿಟ್ಟಿದ್ದರು. ಆ ಮೌನವೂ ನಮ್ಮೊಡನೆ ಅದೇ ವಾಹನದಲ್ಲಿ ಪ್ರಯಾಣ ಮಾಡಿತು.

ಹಿನ್ನೀರಿನ ದಾರಿ

ವಿಜಯಪುರದಿಂದ ದಕ್ಷಿಣಾಭಿಮುಖವಾಗಿ ಹೊರಟರೆ ಕೃಷ್ಣೆಯ ಉತ್ತರ ದಂಡೆಯಲ್ಲಿ ಸಿಗುವ ಊರು ಕೊಲ್ಹಾರ. ಗಡಿಗೆಯಲ್ಲಿ ಹೆಪ್ಪುಗಟ್ಟಿದ ಇಲ್ಲಿಯ ಮೊಸರು ಈ ಭಾಗದಲ್ಲೆಲ್ಲ ಹೆಸರಾದುದು. ಹಳೆಯ ಕೊಲ್ಹಾರವೂ ಹಿನ್ನೀರಿಗೆ ಆಹುತಿಯಾಯಿತು, ಊರು ಸ್ಥಳಾಂತರಗೊಂಡಿತು. ಮೊಸರಿನ ಕಾಯಕ ಮಾತ್ರ ನಿಲ್ಲಲಿಲ್ಲ. ಹೊಸ ಊರಿನ ರಸ್ತೆಯಂಚಿನಲ್ಲಿ ಹೆಣ್ಣುಮಕ್ಕಳು ಗಡಿಗೆಗಳನ್ನು ಸಾಲಾಗಿಟ್ಟುಕೊಂಡು ಕುಳಿತಿದ್ದರು. ಕಟ್ಟಿಕೊಂಡು ಬಂದ ಜೋಳದ ರೊಟ್ಟಿಗೆ ಆ ಮೊಸರೇ ಅಂದಿನ ನಮ್ಮ ಪ್ರಸಾದವಾಯಿತು.

ಕೊಲ್ಹಾರವನ್ನು ದಾಟಿದೊಡನೆ ಮೈಲಿಗೂ ಮಿಕ್ಕ ಉದ್ದದ ಸೇತುವೆ ಬರುತ್ತದೆ. ಆಚೆಯ ತಲೆ ಬೀಳಗಿ ತಾಲ್ಲೂಕಿನ ಕೋರ್ತಿ. ಮಳೆಗಾಲದ ಕೊನೆಯಲ್ಲಿ ಇಲ್ಲಿ ನಿಂತವರಿಗೆ ಹೊಳೆ ಕಾಣುವುದಿಲ್ಲ, ಕಡಲೇ ಕಾಣುತ್ತದೆ. ನಾವು ಹೋದಾಗ ನೀರು ಹಿಂದೆ ಸರಿದು, ಬಿರುಕುಬಿಟ್ಟ ಕಪ್ಪು ಮಣ್ಣು ದೂರದವರೆಗೆ ಹಾಸಿಕೊಂಡಿತ್ತು.

ಆಲಮಟ್ಟಿ ಅಣೆಕಟ್ಟಿನ ಇತಿಹಾಸವನ್ನು ಇಂದಿನ ಮಕ್ಕಳು ಸ್ಥೂಲವಾಗಿಯಾದರೂ ತಿಳಿದಿರಬೇಕು. ೧೯೬೪ರ ಮೇ ತಿಂಗಳಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅದಕ್ಕೆ ಅಡಿಗಲ್ಲನ್ನಿಟ್ಟರು. ಕೆಲಸ ದಶಕಗಳ ಕಾಲ ಸಾಗಿತು. ಹಂತ ಹಂತವಾಗಿ ನೀರು ನಿಲ್ಲಿಸಲಾಗಿ, ೨೦೦೬ರ ಆಗಸ್ಟಿನಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಂ ಅವರು ಜಲಾಶಯವನ್ನು ಲೋಕಾರ್ಪಣೆ ಮಾಡಿದರು. ಅದರ ಪೂರ್ಣ ಮಟ್ಟ ೫೧೯.೬೦ ಮೀಟರು. ಕೃಷ್ಣಾ ಜಲವಿವಾದದ ಎರಡನೆಯ ನ್ಯಾಯಾಧಿಕರಣವು ೨೦೧೦ರಲ್ಲಿ ೫೨೪.೨೫೬ ಮೀಟರುಗಳವರೆಗೆ ನೀರು ನಿಲ್ಲಿಸಲು ಒಪ್ಪಿಗೆ ಕೊಟ್ಟಿತು. ಅದಕ್ಕೆ ಬೇಕಾಗುವ ಭೂಮಿಗಾಗಿ ನೀರಾವರಿ ಹೊಲಕ್ಕೆ ಎಕರೆಗೆ ೪೦ ಲಕ್ಷ, ಒಣಬೇಸಾಯದ ಹೊಲಕ್ಕೆ ೩೦ ಲಕ್ಷ ರೂಪಾಯಿ ಪರಿಹಾರವೆಂದು ರಾಜ್ಯ ಸಚಿವ ಸಂಪುಟ ೨೦೨೫ರ ಸೆಪ್ಟೆಂಬರಿನಲ್ಲಿ ತೀರ್ಮಾನಿಸಿತು. ಈ ಅಂಕಿಗಳನ್ನು ಆ ತರುಣ ಕಂಠಪಾಠ ಮಾಡಿದ್ದ. ಅಣೆಕಟ್ಟಿನಿಂದ ಬರದ ನಾಡಿಗೆ ನೀರು ಹರಿಯಿತು, ಬೆಳಕು ಬಂದಿತು ಎಂಬುದು ಸತ್ಯ. ಅದಕ್ಕಾಗಿ ಬಾಗಲಕೋಟೆಯ ಹಳೆಯ ಪಟ್ಟಣದ ಬಹುಭಾಗವೂ, ಹೊಳೆದಂಡೆಯ ಹಲವಾರು ಹಳ್ಳಿಗಳೂ ತಮ್ಮನ್ನು ನೀಡಿಕೊಂಡವೆಂಬುದೂ ಅಷ್ಟೇ ಸತ್ಯ.

ಬೀಳಗಿಯ ಸೀಮೆ ನಮಗೆ ಹೊಸದಲ್ಲ. ಐವತ್ತು ವರ್ಷಗಳ ಹಿಂದೆ ಮಠದ ವಿದ್ಯಾರ್ಥಿಗಳಾಗಿ ಹೆಗಲಿಗೆ ಜೋಳಿಗೆ ಹಾಕಿಕೊಂಡು ಈ ಹಳ್ಳಿಗಳಲ್ಲಿ ನಾವು ಭಿಕ್ಷಕ್ಕೆ ನಡೆದಿದ್ದೇವೆ. ಸುಗ್ಗಿಯ ಕಾಲದಲ್ಲಿ ಒಂದೊಂದು ಮನೆಯಿಂದಲೂ ಜೋಳದ ಹಿಟ್ಟು, ಬೇಳೆ, ಬೆಲ್ಲ ಬರುತ್ತಿದ್ದವು. ಯಾವ ಮನೆಯಲ್ಲಿ ಮಜ್ಜಿಗೆ ಕೊಡುತ್ತಾರೆ, ಯಾವ ಓಣಿಯಲ್ಲಿ ನಾಯಿ ಬೆನ್ನಟ್ಟುತ್ತದೆ ಎಂಬುದೆಲ್ಲ ನಮಗೆ ಬಾಯಿಪಾಠವಾಗಿತ್ತು. ಹೀಗಾಗಿ ದಾರಿಯುದ್ದಕ್ಕೂ ಆ ಹಿರಿಯರೂ ನಾವೂ ಇಲ್ಲದ ಊರುಗಳ ಹೆಸರುಗಳನ್ನು ಹೇಳುತ್ತ ಹೋದೆವು. ಹುಡುಗ ಕಿಟಕಿಯಾಚೆ ನೋಡುತ್ತಿದ್ದ. ಅವನಿಗೆ ಅಲ್ಲಿ ಕಾಣುತ್ತಿದ್ದುದು ಮಣ್ಣು ಮತ್ತು ಜಾಲಿ ಮಾತ್ರ.

ಚಿಕ್ಕಸಂಗಮದಲ್ಲಿ

ಘಟಪ್ರಭೆಯು ಕೃಷ್ಣೆಯನ್ನು ಕೂಡುವ ತಾಣವೇ ಚಿಕ್ಕಸಂಗಮ. ಕೃಷ್ಣೆ ಮುಂದೆ ಸಾಗಿ ಮಲಪ್ರಭೆಯನ್ನು ಕೂಡಿಕೊಳ್ಳುವ ಹಿರಿಯ ಸಂಗಮವು ಅಣ್ಣ ಬಸವಣ್ಣನವರು ಐಕ್ಯರಾದ ಕೂಡಲಸಂಗಮ. ಚಿಕ್ಕಸಂಗಮದ ಸಂಗಮನಾಥನ ಗುಡಿಯು ಜಲಾಶಯ ತುಂಬಿದಾಗ ನೀರಿನೊಳಗಾಗುತ್ತದೆ. ನೀರು ಇಳಿದ ಮೇಲೆ ಮತ್ತೆ ಭಕ್ತರಿಗೆ ದರ್ಶನವೀಯುತ್ತದೆ. ನಾವು ಹೋದ ದಿನ ಕಲ್ಲುಗಳಿಗೆ ಮೆತ್ತಿದ ಕೆಸರು ಒಣಗಿ ಪಾಪಡಿಯಂತೆ ಏಳುತ್ತಿತ್ತು. ಕೆಲವು ಭಕ್ತರು ಕೊಡದಿಂದ ನೀರು ತಂದು ಗರ್ಭಗುಡಿಯನ್ನು ತೊಳೆಯುತ್ತಿದ್ದರು. ಆ ತಾಯಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಅವರೊಡನೆ ತಾವೂ ಕಸಬರಿಗೆ ಹಿಡಿದರು. ಮೊಮ್ಮಗ ತಡೆಯಲು ಹೋದಾಗ “ಬಿಡೋ, ನಾ ಮದಿವ್ಯಾಗಿ ಬಂದಾಗಿಂದ ಇದ ಕೆಲಸ ಮಾಡೀನಿ” ಎಂದರು.

ಪೂಜೆ ಮುಗಿದ ಮೇಲೆ ತಾತ ದೂರಕ್ಕೆ ಕೈಮಾಡಿ ತಮ್ಮ ಊರಿದ್ದ ದಿಕ್ಕನ್ನು ತೋರಿಸಿದರು. ಊರು ಬಿಡುವಾಗ ಅವರು ಮನೆಯ ತೊಲೆ, ಬಾಗಿಲು, ಚೌಕಟ್ಟುಗಳನ್ನು ಕಿತ್ತು ಬಂಡಿಯಲ್ಲಿ ಹೇರಿಕೊಂಡು ಪುನರ್ವಸತಿ ಕೇಂದ್ರಕ್ಕೆ ಒಯ್ದಿದ್ದರು. ಕೊನೆಯ ದಿನ ಹೊಸ್ತಿಲನ್ನೂ ಹಾರೆಯಿಂದ ಎಬ್ಬಿಸಿ, ಹೊಸ ಮನೆಗೆ ಕೂಡಿಸಿದರು. ಆ ಮನೆಗೆ ನಾಲ್ಕು ವರ್ಷಗಳಿಂದ ಕೀಲಿ ಬಿದ್ದಿದೆ. ಮೊದಲ ಪರಿಹಾರದ ಹಣ ಏನಾಯಿತೆಂದು ಹುಡುಗ ಕೇಳಿದ. ತಾತ ಮರೆಮಾಚದೆ ಹೇಳಿದರು: ಎರಡು ಮದುವೆಗಳು ವಿಜೃಂಭಣೆಯಿಂದ ಆದವು, ಒಂದು ಮೋಟಾರು ಸೈಕಲ್ಲು ಬಂದಿತು, ನೆಂಟರೊಬ್ಬರಿಗೆ ಕೈಗಡ ಕೊಟ್ಟುದು ಮರಳಲಿಲ್ಲ. “ಮೂರು ವರ್ಷದಾಗ ಎಲ್ಲಾ ಕರಗಿ ಹೋತು. ನೂರು ವರ್ಷ ನಮ್ಮನ್ನ ಸಾಕಿದ ಹೊಲ ಅದು” ಎಂದು ಹೇಳಿ ಅವರು ಸುಮ್ಮನಾದರು. ಮುಳುಗಡೆಯ ನಾಡಿನಲ್ಲಿ ಇಂಥ ಕಥೆ ಒಂದು ಮನೆಯದಲ್ಲವೆಂಬುದನ್ನು ನಾವು ಬಲ್ಲೆವು.

ಸ್ಥಾವರ ಜಂಗಮಗಳ ವಿವೇಚನೆಯನ್ನು ನಾವು ಪ್ರವಚನಗಳಲ್ಲಿ ಎಷ್ಟೋ ಸಲ ಮಾಡಿದ್ದೇವೆ. ಕಟ್ಟಿದ ಗುಡಿ ಅಳಿಯಬಹುದು, ಎದೆಯ ಮೇಲಿನ ಇಷ್ಟಲಿಂಗವೂ ಅರಿವೂ ಆಚಾರವೂ ಭಕ್ತನೊಡನೆ ನಡೆಯುತ್ತವೆ ಎಂಬ ಶರಣತತ್ತ್ವವು ಮಾತಿಗೆ ಸುಲಭ. ಮುಳುಗಿದ ಊರಿನವರ ಪಕ್ಕದಲ್ಲಿ ಕುಳಿತು ಅದನ್ನು ಹೇಳಲು ನಮಗೆ ನಾಲಗೆ ಏಳಲಿಲ್ಲ. ಮನೆ ಹೋದವರ ದುಃಖಕ್ಕೆ ತತ್ತ್ವವು ತಕ್ಷಣದ ಮದ್ದಲ್ಲ. ಅಂದು ರಾತ್ರಿ ಬೀಳಗಿಯ ಭಕ್ತರೊಬ್ಬರ ಮನೆಯಲ್ಲಿ ತಂಗಿದೆವು.

ಕವಿಚಕ್ರವರ್ತಿಯ ಊರು

ಮರುದಿನ ಗಲಗಲಿಯ ಕಡೆಯಿಂದ ಸುತ್ತಿ ಮುಧೋಳಕ್ಕೆ ನಡೆದೆವು. ಕೃಷ್ಣಾತೀರದ ಗಲಗಲಿಯು ಗಾಲವ ಋಷಿಯ ಹೆಸರಿನೊಡನೆ ಜೋಡಿಸಲ್ಪಟ್ಟ ಪುರಾತನ ಗ್ರಾಮ, ಪಂಡಿತರ ನೆಲೆ. ಗಲಗಲಿ ಪಂಢರಿನಾಥಾಚಾರ್ಯರು ವೈಷ್ಣವ ಮನೆತನದವರಾಗಿದ್ದೂ ಶಂಭುಲಿಂಗೇಶ್ವರನ ಮಹಿಮೆಯನ್ನು ಕುರಿತು ಸಂಸ್ಕೃತದಲ್ಲಿ ಚಂಪೂಕಾವ್ಯ ರಚಿಸಿ, ಅದಕ್ಕೆ ೧೯೮೩ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯನ್ನು ಪಡೆದವರು. ಮತಗಳ ಗೋಡೆಗಳು ಈ ನೆಲದಲ್ಲಿ ಅಷ್ಟೇನೂ ಎತ್ತರವಾಗಿರಲಿಲ್ಲವೆಂಬುದಕ್ಕೆ ಇದೊಂದು ನಿದರ್ಶನ.

ಮುಧೋಳವೆಂದರೆ ಕನ್ನಡಿಗರಿಗೆ ಮೊದಲು ನೆನಪಾಗಬೇಕಾದವನು ರನ್ನ. ಬಸವಣ್ಣನವರಿಗೆ ಸುಮಾರು ಎರಡು ಶತಮಾನ ಮೊದಲು, ಬಳೆಗಾರ ಮನೆತನದಲ್ಲಿ ಹುಟ್ಟಿದ ಬಾಲಕ ವಿದ್ಯೆಯನ್ನರಸಿ ಶ್ರವಣಬೆಳಗೊಳದವರೆಗೆ ಹೋಗಿ, ಚಾವುಂಡರಾಯನ ಆಶ್ರಯ ಪಡೆದು, ಅಜಿತಸೇನಾಚಾರ್ಯರಲ್ಲಿ ಓದಿ, ಚಾಲುಕ್ಯ ಅರಸರಿಂದ ಕವಿಚಕ್ರವರ್ತಿಯೆನಿಸಿಕೊಂಡ. ದಾನಚಿಂತಾಮಣಿ ಅತ್ತಿಮಬ್ಬೆಯ ಪ್ರೇರಣೆಯಿಂದ ೯೯೩ರಲ್ಲಿ ಅಜಿತಪುರಾಣವನ್ನು ರಚಿಸಿದ. ಅವನ ಗದಾಯುದ್ಧವನ್ನು ಬಲ್ಲದ ಕನ್ನಡ ವಿದ್ಯಾರ್ಥಿಯಿಲ್ಲ. ಬಳೆ ಮಾರುವ ಮನೆತನವೆಂದು ಅವನು ನಾಚಿಕೊಳ್ಳಲಿಲ್ಲ. ತನ್ನ ಕಾವ್ಯದಲ್ಲಿಯೇ ಕುಲವೃತ್ತಿಯನ್ನು ಹೇಳಿಕೊಂಡ. ಕಾಯಕಕ್ಕೆ ಮೇಲುಕೀಳಿಲ್ಲವೆಂಬ ಮಾತು ಶರಣರ ಬಾಯಲ್ಲಿ ಸಿದ್ಧಾಂತವಾಗುವ ಮೊದಲೇ ಈ ನೆಲದ ಒಬ್ಬ ಕವಿಯ ಬಾಳಿನಲ್ಲಿ ಅದರ ಬೀಜವಿದ್ದಂತೆ ನಮಗೆ ತೋರುತ್ತದೆ.

ಘೋರ್ಪಡೆ ಮನೆತನದ ಸಂಸ್ಥಾನವಾಗಿದ್ದ ಮುಧೋಳದ ಹೆಸರು ದೂರದೇಶಗಳಿಗೆ ಹೋದುದು ಬೇಟೆನಾಯಿಯಿಂದ. ಕೃಶವಾದ ಮೈ, ಉದ್ದನೆಯ ಕಾಲು, ತೀಕ್ಷ್ಣದೃಷ್ಟಿಯ ಈ ತಳಿಯನ್ನು ಮಾಲೋಜಿರಾವ ಘೋರ್ಪಡೆಯವರು ಪೋಷಿಸಿದರು. ೨೦೦೫ರಲ್ಲಿ ಅಂಚೆ ಇಲಾಖೆ ಇದರ ಚಿತ್ರದ ಅಂಚೆಚೀಟಿಯನ್ನು ಹೊರತಂದಿತು. ಸಮೀಪದ ತಿಮ್ಮಾಪುರದಲ್ಲಿ ಪಶುವೈದ್ಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವಿದೆ. ನಮ್ಮ ತರುಣ ಸಾರಥಿಗೆ ಎರಡು ದಿನಗಳಲ್ಲಿ ಮೊದಲ ಬಾರಿ ಮುಖ ಅರಳಿದುದು ಇಲ್ಲಿಯೇ.

ಮುಧೋಳ ತಾಲ್ಲೂಕಿನ ಹಲಗಲಿಯ ಹೆಸರನ್ನು ಹೇಳದೆ ಮುಂದೆ ಸಾಗಲಾಗದು. ೧೮೫೭ರಲ್ಲಿ ಆಂಗ್ಲ ಸರ್ಕಾರ ಆಯುಧಗಳನ್ನು ಒಪ್ಪಿಸಬೇಕೆಂದು ಕಾಯಿದೆ ತಂದಾಗ ಹಲಗಲಿಯ ಬೇಡ ವೀರರು ಒಪ್ಪಲಿಲ್ಲ. ಬೇಟೆಯೂ ಕಾವಲೂ ಅವರ ಜೀವನವೃತ್ತಿ. ಆಯುಧವನ್ನು ಕಸಿಯುವುದೆಂದರೆ ಕಾಯಕವನ್ನೇ ಕಸಿದಂತೆ. ಸೈನ್ಯ ಬಂದು ಊರಿಗೆ ಬೆಂಕಿಯಿಟ್ಟಿತು. ಹತ್ತೊಂಬತ್ತು ಜನರನ್ನು ಗಲ್ಲಿಗೇರಿಸಲಾಯಿತು. ಊರ ಜನ ಲಾವಣಿ ಕಟ್ಟಿ ಹಾಡಿದರು. ಆ ಲಾವಣಿಯನ್ನು ಸಂಗ್ರಹಿಸಿ ಅಚ್ಚು ಮಾಡಿದವರು ಆಂಗ್ಲ ಅಧಿಕಾರಿಯಾಗಿದ್ದ ಫ್ಲೀಟ್ ಸಾಹೇಬರೆಂಬುದು ಇತಿಹಾಸದ ಸೋಜಿಗ.

ಬೆಲ್ಲ, ನೂಲು, ದಾಸೋಹ

ಮೂರನೆಯ ದಿನ ಮಹಾಲಿಂಗಪುರದ ದಾರಿ. ರಸ್ತೆಯ ಎರಡೂ ಬದಿಗೆ ಕಬ್ಬು. ಮಹಾಲಿಂಗೇಶ್ವರ ಮಠದಿಂದಲೂ ಬೆಲ್ಲದ ಪೇಟೆಯಿಂದಲೂ ಈ ಊರು ಪ್ರಸಿದ್ಧ. ಸಕ್ಕರೆ ಕಾರ್ಖಾನೆಗಳು ಬಂದ ಮೇಲೆ ಗಾಣಗಳ ಸಂಖ್ಯೆ ಇಳಿದಿದ್ದರೂ ಮಹಾಲಿಂಗಪುರದ ಬೆಲ್ಲದ ಹೆಸರು ಮಾಸಿಲ್ಲ.

ಇಲ್ಲಿಂದ ರಬಕವಿ-ಬನಹಟ್ಟಿ. ಹೆಸರು ಎರಡು, ನಗರಸಭೆ ಒಂದು. ಹಿಂದೆ ಜಮಖಂಡಿ ತಾಲ್ಲೂಕಿಗೆ ಸೇರಿದ್ದ ಈ ಜೋಡಿ ನಗರವು ಈಗ ತಾನೇ ತಾಲ್ಲೂಕು ಕೇಂದ್ರವಾಗಿದೆ. ಬನಹಟ್ಟಿಯ ಕಾಡಸಿದ್ಧೇಶ್ವರನ ಜಾತ್ರೆ ಈ ಸೀಮೆಯಲ್ಲಿ ಹೆಸರುವಾಸಿ. ನಮಗೆ ಈ ಊರು ಎಂದೂ ಕಿವಿಯಿಂದಲೇ ಪರಿಚಯ. ಬಾಲ್ಯದಲ್ಲಿ ಭಿಕ್ಷಕ್ಕೆ ಬಂದಾಗ ಓಣಿಯ ತುದಿಯಿಂದ ತುದಿಗೆ ಮಗ್ಗಗಳ ಸಪ್ಪಳ ಕೇಳುತ್ತಿತ್ತು. ಆ ಸಪ್ಪಳ ಈಗಲೂ ಉಂಟು, ಆದರೆ ಬಹುಪಾಲು ವಿದ್ಯುತ್ ಮಗ್ಗಗಳದು. ಕೈಮಗ್ಗದ ಮೆಲುದನಿಯನ್ನು ಹುಡುಕಿಕೊಂಡು ಹೋಗಬೇಕು.

ಹುಡುಕಿಕೊಂಡು ಹೋದೆವು. ನೇಕಾರರೊಬ್ಬರ ಮನೆಯ ಪಡಸಾಲೆಯಲ್ಲಿ ಕುಣಿಮಗ್ಗವೊಂದು ನಡೆಯುತ್ತಿತ್ತು. ನೆಲದಲ್ಲಿ ತೋಡಿದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕುಳಿತು ನೇಯುವುದರಿಂದ ಆ ಹೆಸರು. ಕಾಲಿನಿಂದ ತುಳಿದಾಗ ಹಾಸಿನ ಎಳೆಗಳು ಮೇಲೂ ಕೆಳಗೂ ಬೇರ್ಪಡುತ್ತವೆ. ಆ ಸಂದಿನಲ್ಲಿ ಲಾಳಿ ಹೊಕ್ಕಿನ ಎಳೆಯನ್ನು ಒಯ್ಯುತ್ತದೆ. ಹಣಿಗೆ ಅದನ್ನು ಬಡಿದು ಕೂಡಿಸುತ್ತದೆ. ಮನೆಯೊಡತಿ ರಾಟಿಯ ಮುಂದೆ ಕುಳಿತು ಕಂಡಿಕೆ ಸುತ್ತುತ್ತಿದ್ದರು. ಒಂದು ಸೀರೆಯೆಂದರೆ ಒಬ್ಬರ ಕೆಲಸವಲ್ಲ, ಇಡೀ ಮನೆಯ ಕೆಲಸ. ಕೈಮಗ್ಗಕ್ಕೆಂದು ಕೆಲವು ಬಗೆಯ ಬಟ್ಟೆಗಳನ್ನು ಮೀಸಲಿಡುವ ಕಾಯಿದೆ ೧೯೮೫ರಲ್ಲಿಯೇ ಆಗಿದೆ. ಆದರೂ ಯಂತ್ರದ ವೇಗದ ಮುಂದೆ ಕೈಗೆ ದೊರೆಯುವ ಕೂಲಿ ಸಾಲದಾಗಿ ಮಕ್ಕಳು ಬೇರೆ ಊರಿಗೆ, ಬೇರೆ ಕೆಲಸಕ್ಕೆ ಹೋಗುತ್ತಿದ್ದಾರೆ. ೨೦೨೦ರ ಕೊರೋನಾ ಕಾಲದಲ್ಲಿ ಪೇಟೆ ಮುಚ್ಚಿ ಮಗ್ಗಗಳು ನಿಂತಾಗ ಅನೇಕ ಮನೆಗಳು ತತ್ತರಿಸಿದವು. “ಮಗ್ಗ ಮಾರಾಕ ಮನಸ ಬರವಲ್ದ್ರಿ, ನಡಸಾಕ ಮೊದಲಿನ ಕಸುವಿಲ್ಲ” ಎಂದು ಆ ಯಜಮಾನರು ಕೈಯಾಡಿಸುತ್ತಲೇ ಹೇಳಿದರು.

ಅಷ್ಟರಲ್ಲಿ ಹಾಸಿನ ಒಂದು ಎಳೆ ಹರಿಯಿತು. ಅವರು ನಮ್ಮ ತರುಣನನ್ನು ಕರೆದು “ಬಾ ತಮ್ಮಾ, ಇದೊಂದು ಗಂಟು ಹಾಕು” ಎಂದರು. ಹುಡುಗ ಬಾಗಿ ಎರಡು ಸಲ ಯತ್ನಿಸಿದ, ಎರಡು ಸಲವೂ ಗಂಟು ಜಾರಿತು. ಯಜಮಾನರು ನಗಲಿಲ್ಲ. ಎರಡು ಬೆರಳಿನಿಂದ ಕ್ಷಣಾರ್ಧದಲ್ಲಿ ಗಂಟು ಹಾಕಿ, “ನಲವತ್ತು ವರ್ಷ ಬೇಕ್ಯಾತು ನೋಡಪಾ” ಎಂದಷ್ಟೇ ಅಂದರು. ನೇಕಾರ ಶರಣರಾದ ಜೇಡರ ದಾಸಿಮಯ್ಯನವರು ಮಗ್ಗದ ಮುಂದೆಯೇ ಲಿಂಗಾನುಭವವನ್ನು ಕಂಡವರು. ಕಾಯಕ ಬೇರೆ, ಪೂಜೆ ಬೇರೆ ಎಂದುಕೊಳ್ಳುವವರು ಇಂಥ ಪಡಸಾಲೆಯಲ್ಲಿ ಒಂದು ಗಳಿಗೆ ಕುಳಿತು ನೋಡಬೇಕು. ಆ ತಾಯಿ ಅಲ್ಲಿಯೇ ಒಂದು ಸೀರೆ ಕೊಂಡರು. ಹೇಳಿದ ಬೆಲೆಯಲ್ಲಿ ಒಂದು ರೂಪಾಯಿಯನ್ನೂ ಇಳಿಸಲು ಕೇಳಲಿಲ್ಲ.

ಇದೇ ತಾಲ್ಲೂಕಿನ ಬಂಡಿಗಣಿಯ ಬಸವಗೋಪಾಲ ನೀಲಮಾಣಿಕ ಮಠವು ಅನ್ನದಾಸೋಹಕ್ಕೆ ಹೆಸರಾದುದು. ಅಂದಿನ ಮಧ್ಯಾಹ್ನ ನಮಗೆ ಅಲ್ಲಿಯೇ ಪ್ರಸಾದವಾಯಿತು. ಸಂಜೆ ತೇರದಾಳಕ್ಕೆ ಹೋದೆವು. ಅಲ್ಲಿ ಅಲ್ಲಮಪ್ರಭುವಿನ ಹೆಸರಿನ ದೇವಾಲಯವಿದೆ. ಹನ್ನೆರಡನೆಯ ಶತಮಾನದ ಜೈನ ಬಸದಿಯೂ ಇದೆ. ೧೧೨೩ರ ಶಾಸನವು ಮಾಂಡಳಿಕ ಗೊಂಕನ ಹೆಸರನ್ನು ಹೇಳುತ್ತದೆ. ಬಸವಣ್ಣನವರ ಕಾಲಕ್ಕೆ ಸಮೀಪದ ಈ ಕಲ್ಲುಗಳನ್ನು ಮುಟ್ಟಿದಾಗ ಮೈ ಪುಳಕಗೊಂಡಿತು.

ಬೆವರಿನ ಅಣೆಕಟ್ಟು

ಕೊನೆಯ ದಿನ ಜಮಖಂಡಿ. ಪಟವರ್ಧನ ಅರಸರ ರಾಜಧಾನಿಯಾಗಿದ್ದ ಈ ಪಟ್ಟಣಕ್ಕೆ ರಾಮತೀರ್ಥದ ಗುಡ್ಡವೇ ಕಿರೀಟ. ಅಲ್ಲಿಯ ಅರಮನೆ, ದೇವಾಲಯ, ಕೆಳಗೆ ಹರಡಿದ ಊರು ಇವೆಲ್ಲ ಬೆಳಗಿನ ಬಿಸಿಲಿನಲ್ಲಿ ಸೊಗಸಾಗಿ ಕಾಣುತ್ತವೆ. ಪುಣೆಯ ಸರ್ ಪರಶುರಾಮಭಾವು ಕಾಲೇಜು ಜಮಖಂಡಿಯ ಅರಸರ ಹೆಸರನ್ನೇ ಹೊತ್ತಿದೆಯೆಂಬುದನ್ನು ಬಹಳ ಜನ ತಿಳಿಯರು. ೧೯೪೮ರಲ್ಲಿ ಸಂಸ್ಥಾನವು ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ೧೯೫೬ರ ಏಕೀಕರಣದಲ್ಲಿ ಈ ನಾಡು ಕನ್ನಡ ರಾಜ್ಯವನ್ನು ಸೇರಿತು. ೧೯೯೭ರಲ್ಲಿ ಬಾಗಲಕೋಟೆ ಜಿಲ್ಲೆಯಾದಾಗ ವಿಜಯಪುರದಿಂದ ಬೇರೆಯಾಯಿತು. ಓಲೇಮಠದ ದರ್ಶನ ಮುಗಿಸಿ ಮಧ್ಯಾಹ್ನದ ಹೊತ್ತಿಗೆ ಚಿಕ್ಕಪಡಸಲಗಿಗೆ ಹೊರಟೆವು.

ಈ ಪ್ರಯಾಣದಲ್ಲಿ ನಾವು ಮುಖ್ಯವಾಗಿ ಹೇಳಬೇಕೆಂದಿರುವುದು ಚಿಕ್ಕಪಡಸಲಗಿಯ ಸಂಗತಿಯನ್ನೇ. ಕೃಷ್ಣೆಯು ಮಳೆಗಾಲದಲ್ಲಿ ಉಕ್ಕಿ ಹರಿದು, ಬೇಸಗೆಯಲ್ಲಿ ಬತ್ತಿ ಹೋಗುತ್ತಿದ್ದ ಕಾಲವದು. ಕಣ್ಣಮುಂದೆಯೇ ಹರಿದುಹೋಗುವ ನೀರನ್ನು ಹಿಡಿದಿಡಲು ದಂಡೆಯ ರೈತರಿಗೆ ದಾರಿಯಿರಲಿಲ್ಲ. ಆಗ ಸಿದ್ದು ನ್ಯಾಮಗೌಡರು ರೈತರನ್ನು ಒಗ್ಗೂಡಿಸಿದರು. ಸರ್ಕಾರದ ಹಣಕ್ಕೆ ಕಾಯದೆ, ವಂತಿಗೆ ಕೂಡಿಸಿ, ಶ್ರಮದಾನ ಮಾಡಿ, ೧೯೮೯ರಲ್ಲಿ ಹೊಳೆಗೆ ಅಡ್ಡಲಾಗಿ ಬ್ಯಾರೇಜು ಕಟ್ಟಿದರು. ಅದಕ್ಕೆ ಶ್ರಮಬಿಂದು ಸಾಗರವೆಂಬ ಹೆಸರು ಎಷ್ಟು ಸಾರ್ಥಕ! ಬೆವರಿನ ಹನಿಗಳೇ ಸೇರಿ ಸಾಗರವಾದವು. ಜನರು ಮೆಚ್ಚಿ ಅವರನ್ನು ‘ಬ್ಯಾರೇಜ್ ಸಿದ್ದು’ ಎಂದೇ ಕರೆದರು. ೧೯೯೧ರ ಲೋಕಸಭಾ ಚುನಾವಣೆಯಲ್ಲಿ ಬಾಗಲಕೋಟೆಯ ಮತದಾರರು ರಾಮಕೃಷ್ಣ ಹೆಗಡೆಯವರಂಥ ಹಿರಿಯ ನಾಯಕರೆದುರು ಅವರನ್ನು ಆರಿಸಿ ಕಳಿಸಿದರು. ೨೦೧೮ರ ಮೇ ತಿಂಗಳಲ್ಲಿ ರಸ್ತೆ ಅಪ��ಾತದಲ್ಲಿ ಅವರು ತೀರಿಕೊಂಡರು. ಅವರ ರಾಜಕೀಯದ ಬಗೆಗೆ ನಾವು ಹೇಳುವುದೇನೂ ಇಲ್ಲ. ಹೊಳೆಯಲ್ಲಿ ನಿಂತ ಆ ಗೋಡೆಯೇ ಅವರ ಮಾತು. ಬೇಸಗೆಯಲ್ಲಿ ಆಲಮಟ್ಟಿಯ ಹಿನ್ನೀರನ್ನು ಪಂಪುಗಳಿಂದ ಎತ್ತಿ ಬ್ಯಾರೇಜಿಗೆ ತುಂಬಿಸಿಕೊಳ್ಳುವ ಏರ್ಪಾಡನ್ನೂ ರೈತರು ಮುಂದೆ ಮಾಡಿಕೊಂಡರು.

ದಂಡೆಯ ಚಹದ ಅಂಗಡಿಯಲ್ಲಿ ಕುಳಿತಿದ್ದ ವೃದ್ಧ ರೈತರೊಬ್ಬರನ್ನು ನಮ್ಮ ತರುಣ ಕೇಳಿದ: “ಅಜ್ಜಾರ, ಆಗ ಒಬ್ಬೊಬ್ಬರು ಎಷ್ಟು ಕೊಟ್ರಿ?” ಅವರು ಹೇಳಿದರು: “ರೊಕ್ಕ ಇದ್ದವರು ರೊಕ್ಕ ಕೊಟ್ರು. ಇಲ್ಲದವರು ಬುಟ್ಟಿ ಹೊತ್ರು. ನಾ ಬುಟ್ಟಿ ಹೊತ್ತಾಂವ.” ಹುಡುಗ ಮತ್ತೆ ಪ್ರಶ್ನೆ ಕೇಳಲಿಲ್ಲ. ಬಹಳ ಹೊತ್ತು ನೀರನ್ನು ನೋಡುತ್ತ ನಿಂತ.

ನೀರು ಬಂದ ಮೇಲೆ ಪರೀಕ್ಷೆ ಮುಗಿಯುವುದಿಲ್ಲವೆಂಬುದನ್ನೂ ಅದೇ ರೈತರು ಹೇಳಿದರು. ಕಪ್ಪುಮಣ್ಣಿನ ಹೊಲಕ್ಕೆ ಕಬ್ಬಿನ ಆಸೆಯಿಂದ ಮಿತಿಯಿಲ್ಲದೆ ನೀರುಣಿಸಿದರೆ ಅಂತರ್ಜಲ ಮೇಲೇರಿ, ಮಣ್ಣಿನೊಳಗಿನ ಉಪ್ಪು ಮೇಲಕ್ಕೆ ಬಂದು, ಭೂಮಿ ಸವಳು-ಜವಳಾಗುತ್ತದೆ. ಬಸಿಗಾಲುವೆ ತೆಗೆಯದೆ, ಬೆಳೆ ಬದಲಿಸದೆ ಅದು ಸುಧಾರಿಸದು. ೨೦೧೯ರ ಆಗಸ್ಟಿನ ಮಹಾಪೂರದಲ್ಲಿ ಕೃಷ್ಣೆ ಘಟಪ್ರಭೆಗಳೆರಡೂ ಉಕ್ಕಿ ಈ ತಾಲ್ಲೂಕುಗಳ ಹಳ್ಳಿಗಳನ್ನು ನುಗ್ಗಿದ್ದವು. ಬರದ ನಾಡಿಗೆ ನೀರೇ ವರ, ಮಿತಿ ಮರೆತರೆ ನೀರೇ ಶಾಪ. ಶರಣರು ಅಗತ್ಯಕ್ಕಿಂತ ಹೆಚ್ಚಿನ ಸಂಗ್ರಹವನ್ನು ನಿರಾಕರಿಸಿದುದು ಧಾನ್ಯಕ್ಕೆ ಮಾತ್ರವಲ್ಲ, ನೀರಿಗೂ ಹಣಕ್ಕೂ ಅನ್ವಯಿಸುತ್ತದೆ.

ಮರಳುವ ದಾರಿಯಲ್ಲಿ

ಕೃಷ್ಣೆಯನ್ನು ಮತ್ತೆ ದಾಟಿ ವಿಜಯಪುರದ ಕಡೆ ಹೊರಟೆವು. ಹೋಗುವಾಗ ದಾಟಿದುದು ಊರುಗಳನ್ನು ನುಂಗಿದ ಕೃಷ್ಣೆ. ಬರುವಾಗ ದಾಟಿದುದು ರೈತರು ಕಟ್ಟಿ ನಿಲ್ಲಿಸಿದ ಕೃಷ್ಣೆ. ಹೊಳೆ ಒಂದೇ, ನೀರೂ ಒಂದೇ. ಒಂದು ದಂಡೆಯಲ್ಲಿ ಹಣ ಕೈಗೆ ಬಂದಿತು, ಹಲವು ಮನೆಗಳಲ್ಲಿ ನಿಲ್ಲದೆ ಹೋಯಿತು. ಇನ್ನೊಂದು ದಂಡೆಯಲ್ಲಿ ಹಣವಿರಲಿಲ್ಲ, ಜನ ಕೂಡಿದರು, ಕೆಲಸ ನಿಂತಿತು. ಮುಳುಗಡೆಯ ಸಂತ್ರಸ್ತರನ್ನು ದೂಷಿಸುವ ಮಾತಲ್ಲವಿದು. ಊರನ್ನೇ ಕಳೆದುಕೊಂಡು ಚದುರಿಹೋದವರಿಗೆ ಕೂಡಿ ಕುಳಿತು ಯೋಚಿಸುವ ಅವಕಾಶವೇ ಇರಲಿಲ್ಲ. ನೆರೆಹೊರೆ ಒಡೆದ ಮೇಲೆ ಪ್ರತಿಯೊಬ್ಬರೂ ಒಂಟಿಯಾದರು. ಒಂಟಿಯ ಕೈಯಲ್ಲಿ ಹಣ ಬಹುಕಾಲ ನಿಲ್ಲದು. ಕಾಯಕವು ದಾಸೋಹದೊಡನೆ ಕೂಡಿದಾಗಲೇ ಪೂರ್ಣವೆಂದು ಶರಣರು ಹೇಳಿದುದರ ಲೌಕಿಕ ಅರ್ಥವೂ ಇದೇ ಇರಬೇಕು.

ಆದ್ದರಿಂದ ಪರಿಹಾರದ ಹಣವನ್ನು ನಿರೀಕ್ಷಿಸುತ್ತಿರುವ ನಮ್ಮ ಸಮಾಜದ ಕುಟುಂಬಗಳಲ್ಲಿ ನಮ್ಮ ವಿನಂತಿ ಇಷ್ಟೇ. ಹಣ ಬರುವ ಮೊದಲೇ ಮನೆಮಂದಿಯೆಲ್ಲ, ಹೆಣ್ಣುಮಕ್ಕಳೂ ಸೇರಿ, ಕೂಡಿ ಕುಳಿತು ಮಾತಾಡಿರಿ. ಭೂಮಿ ಹೋದರೆ ಅದರ ಒಂದು ಪಾಲಾದರೂ ಭೂಮಿಯಾಗಿ, ಅಥವಾ ಮಕ್ಕಳ ವಿದ್ಯೆಯಾಗಿ, ಅಥವಾ ಮನೆಯವರ ಕೈಯಿಂದ ನಡೆಯುವ ಒಂದು ಉದ್ಯೋಗವಾಗಿ ಮರಳಲಿ. ಮದುವೆಗಳನ್ನು ಸರಳವಾಗಿ, ಸಾಮೂಹಿಕವಾಗಿ ಮಾಡಿರಿ. ಸಾಧ್ಯವಾದರೆ ಒಂದೇ ಊರಿನವರು ಒಂದೇ ಕಡೆ ನೆಲೆಯೂರಿರಿ. ಮಠಗಳೂ ಈ ಕಾರ್ಯದಲ್ಲಿ ಮುಂದಾಗಲಿ. ಒಂದು ಕಾಲಕ್ಕೆ ಈ ಹಳ್ಳಿಗಳು ನಮ್ಮ ಜೋಳಿಗೆಯನ್ನು ತುಂಬಿಸಿದ ಋಣ ನಮ್ಮ ಮೇಲಿದೆ. ಸೀರೆ ಕೊಳ್ಳುವ ತಾಯಂದಿರು ವರುಷಕ್ಕೊಂದಾದರೂ ಕೈಮಗ್ಗದ ಸೀರೆಯನ್ನು ನೇಕಾರರ ಮನೆಯಿಂದಲೇ ಕೊಳ್ಳಲಿ. ಬೇಸಗೆಯ ರಜೆಯಲ್ಲಿ ಮಕ್ಕಳನ್ನು ದೂರದ ಗಿರಿಧಾಮಗಳಿಗೆ ಕರೆದೊಯ್ಯುವ ಗೃಹಸ್ಥರು ಒಮ್ಮೆ ಈ ದಾರಿಯಲ್ಲಿ ಕರೆತರಲಿ.

ವಿಜಯಪುರ ಸಮೀಪಿಸಿದಾಗ ಕತ್ತಲಾಗಿತ್ತು. ತಾಯಿ ಹಿಂದಿನ ಆಸನದಲ್ಲಿ ಹೊಸ ಸೀರೆಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ನಿದ್ರಿಸಿದ್ದರು. ಹುಡುಗ ರಸ್ತೆಯಿಂದ ಕಣ್ಣು ಕೀಳದೆ, “ಅಜ್ಜಾ, ಆ ಪುನರ್ವಸತಿ ಮನಿ ಕೀಲಿ ಯಾರ ಕಡೆ ಐತಿ?” ಎಂದು ಕೇಳಿದ. “ನನ್ನ ಕಡೇನ ಐತಿ. ಯಾಕೋ?” ಎಂದರು ತಾತ. “ಬರೂ ಐತವಾರ ಹೋಗಿ ಒಮ್ಮೆ ತಗದು ನೋಡೋಣು. ಹೊಸ್ತಿಲಾ ಗೆದ್ದಲ ಹಿಡದೈತೋ ಏನೋ.” ತಾತ ಏನೂ ಹೇಳಲಿಲ್ಲ. ಅಂಗಿಯ ಒಳಜೇಬಿನಿಂದ ಕೀಲಿಯನ್ನು ತೆಗೆದು ಮುಂದಿನ ಆಸನದ ಕಡೆಗೆ ಚಾಚಿದರು.

ನಾಲ್ಕು ಎಕರೆಯ ವಿಷಯ ಏನಾಗುವುದೋ ಸಂಗಮನಾಥನೇ ಬಲ್ಲ. ತಾತ ಮೊಮ್ಮಗನ ನಡುವೆ ನಿಂತಿದ್ದ ಮಾತು ಮಾತ್ರ ಅಂದು ಮತ್ತೆ ಹರಿಯಿತು.